ಚಪ್ಪಾಳೆ ಯಾವುದಕ್ಕೆ

ಬೆಳಿಗ್ಗೆ ಎದ್ದಾಗಿನಿಂದ ಪವಿತ್ರ ಖುಷಿಯಾಗಿದ್ದಳು. ಭಾನುಪ್ರಿಯಾಳಿಗೆ ತಡೆಯಲಾಗದೆ ಇದ್ದದ್ದು ಅದೇ. ಬಚ್ಚಲ ಒಲೆಗೆ ಉರಿ ಹಾಕುತ್ತ ಕೂತಿದ್ದವಳಿಗೆ, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಾದಿನಿ ತಲೆ ಬಾಚುವುದನ್ನು ಅರ್ಧಕ್ಕೇ ಬಿಟ್ಟು, ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ತನ್ನ ತಾಯಿಗೆ ಏನನ್ನೋ ವಿವರಿಸುತ್ತಿರುವುದು ಕಾಣುತ್ತಿತ್ತು. ಪವಿತ್ರಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ತಾಯಿ ಕದಿರಮ್ಮನಿಗೆ ಮಗಳ ಸನ್ನೆಗಳಲ್ಲಿ ಊಟ, ನೀರು, ಹಸು, ಬಾ, ಹೋಗು ಇಷ್ಟರ ಹೊರತು ಇನ್ನೇನೂ ತಿಳಿಯದು. ‘ಏನಂತಲೇ ಭಾನು ಇವ್ಳು ಬೆಳ್ಬೆಳಗ್ಗೆ? ಮದ್ವೆ ಗೊತ್ತಾದೋಳಂಗೆ ಕುಣೀತವ್ಳಲ್ಲ’ ಎಂದು ಅವರೆಕಾಯಿಯ ಮೊರ ಹಿಡಿದು ನಿಂತ ಅತ್ತೆ ಕೂಗಿ ಕೇಳಿದಳು. ಭಾನುಪ್ರಿಯಾ ಉರಿಯ ಕಡೆಯೇ ಮುಖ ಮಾಡಿಕೊಂಡು ‘ನಿನ್ನೆ ಮೀಟಿಂಗಲ್ಲಿ ಎಲ್ರೂ ಚಪ್ಪಾಳೆ ತಟ್ಟಿದ್ರಲ್ಲ ಅತ್ತೆ, ಅದ್ಕೇ’ ಎಂದಳು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಿದ್ದೂ ಹೊಗೆ ಕಣ್ಣಿಗೆ ಹೊಡೆದಂತೆ ನಟಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳಬೇಕಾಯಿತು. ಪವಿತ್ರ ಹತ್ತಿರ ಬಂದು ಅವಳ ಹೆಗಲು ತಟ್ಟಿ ತಿರುಗಿಸಿಕೊಂಡು, ಅಂಗೈಗಳನ್ನು ಗಾಳಿಯಲ್ಲಿ ಎತ್ತಿ ಅಲ್ಲಾಡಿಸಿ ತೋರಿಸಿದಳು. ಕಿವಿ ಕೇಳದವರ ಚಪ್ಪಾಳೆ ಅದು. ‘ಇಷ್ಟೊಂದು ಜನ! ನಾನು ಬೈತಾರೆ ಅಂದುಕೊಂಡಿದ್ದೆ’ ಎಂದವು ಆಮೇಲೆ ಆ ಕೈಗಳು. ಭಾನುಪ್ರಿಯಾ ತಲೆಯಾಡಿಸಿದಳು. ತಲೆಯಾಡಿಸುವುದು ಎಲ್ಲ ಭಾಷೆಯಲ್ಲೂ ಸುಲಭ.

ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ಮಾತಾಡಲು ಜೊತೆಯಿರಲಿಲ್ಲ. ಗಂಡ ದೇವೇಂದ್ರ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವನು. ಮನೆಗೆ ಬಂದರೆ ನಿದ್ದೆ, ಎದ್ದರೆ ಕಾರು. ಅತ್ತೆಗೆ ಹಸು, ಡೇರಿ, ಡೇರಿಯಲ್ಲಿ ಸಿಗುವ ಹೆಂಗಸರು. ಬಿ.ಎ. ಓದಿದ ಸೊಸೆ ಎಂದು ಕೇರಿಯವರು ಅವಳನ್ನು ಸ್ವಲ್ಪ ದೂರವೇ ಇಟ್ಟಿದ್ದರು. ಬೆಂಗಳೂರಿನ ಕಿವುಡು ಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದಿದ್ದ ಪವಿತ್ರಳದೂ ಅದೇ ಅವಸ್ಥೆ. ಅಲ್ಲಿ ಕೈತುಂಬ ಮಾತು ಕಲಿತು ಬಂದರೆ ಇಲ್ಲಿ ಅದನ್ನು ಕೇಳುವವರೇ ಇಲ್ಲ. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತು ಕಲಿತದ್ದು, ಕಲಿಸಿದ್ದು. ತಪ್ಪು ಸನ್ನೆ ಮಾಡಿದರೆ ಪವಿತ್ರ ಗೆಣ್ಣಿಗೆ ಮೊಟಕುತ್ತಿದ್ದಳು. ವರ್ಷ ಕಳೆಯುವುದರೊಳಗೆ ಭಾನುಪ್ರಿಯಾ ಮನೆಯ ಬಾಯಿಯಾದಳು, ಕಿವಿಯೂ ಆದಳು. ಅತ್ತೆ ‘ಈ ಮೂದೇವಿ ಹಾಲುಕ್ಕಿಸಿದ್ಳಲ್ಲ, ಕಣ್ಣೂ ಕಾಣಾಕಿಲ್ವಂತಾ’ ಎಂದರೆ ಅವಳ ಕೈಗಳು ‘ಹಾಲಿನ ಕಡೆ ಸ್ವಲ್ಪ ಗಮನ ಇರಲಿ ಅಂತಾರೆ’ ಎನ್ನುತ್ತಿದ್ದವು. ಪವಿತ್ರ ‘ಮುದುಕಿಗೆ ಬಾಯಿ ಬಿಟ್ಟರೆ ಬೇರೆ ಕೆಲಸ ಇಲ್ಲ’ ಎಂದರೆ ಅವಳ ಬಾಯಿ ‘ಇನ್ಮೇಲೆ ನೋಡ್ಕೋತೀನಿ ಅಂತವ್ಳೆ ಅತ್ತೆ’ ಎನ್ನುತ್ತಿತ್ತು. ಭಾನು ಬಂದ ಮೇಲೆ ತಾಯಿ ಮಗಳ ಜಗಳವೇ ನಿಂತುಹೋಯಿತು ಎಂದು ದೇವೇಂದ್ರ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಕೇಳಿ ಅವಳಿಗೆ ಹೆಮ್ಮೆಯಾಗುತ್ತಿತ್ತು. ಕೈಯಿಂದ ಬಾಯಿಗೆ ಬರುವ ದಾರಿಯಲ್ಲಿ ತಾನು ಏನು ತೆಗೆದು ಏನು ಹಾಕುತ್ತೇನೆಂಬುದು ಯಾರಿಗೂ ಗೊತ್ತಾಗುವಂತಿಲ್ಲ ಎಂಬುದು ಆಗ ಅವಳಿಗೆ ಒಂದು ಯೋಚನೆಯಾಗಿಯೂ ಬಂದಿರಲಿಲ್ಲ. ಸಂಸಾರ ಅಂದರೆ ಹಾಗೇ ತಾನೆ, ಯಾರ ಮಾತನ್ನು ಯಾರು ಪೂರ್ತಿ ದಾಟಿಸುತ್ತಾರೆ.

ಕೆಲಸ ಸಿಕ್ಕಿದ್ದೂ ಆ ಹೆಸರಿನ ಮೇಲೆಯೇ. ನಾಲ್ಕು ಜನಕ್ಕೆ ತಿಳಿಯುವ ಹಾಗೆ ಮಾತಾಡುತ್ತಾಳೆ ಎಂದು ಯಾರೋ ಹೇಳಿ, ದೊಡ್ಡಬಳ್ಳಾಪುರದಲ್ಲಿ ಹೊಸದಾಗಿ ಆಫೀಸು ತೆರೆದಿದ್ದ ಫೋನ್ ಕಂಪನಿಯೊಂದು ಅವಳನ್ನು ಸೇರಿಸಿಕೊಂಡಿತ್ತು. ಕೆಲಸಕ್ಕೆ ಅವರಿಟ್ಟ ಹೆಸರು ‘ನೆಟ್ ಸಖಿ’. ಮಧುರೆ ಹೋಬಳಿಯ ಊರೂರಿಗೆ ಹೋಗಿ ‘ಮೊದಲ ಮೆಟ್ಟಿಲು’ ಎಂಬ ಉಚಿತ ಇಂಟರ್ನೆಟ್ಟಿನ ಸಿಮ್ಮು ಹಂಚಬೇಕು, ಅದನ್ನು ಬಳಸುವುದು ಹೇಗೆಂದು ಹೆಂಗಸರಿಗೆ ಹೇಳಿಕೊಡಬೇಕು. ಪುಕ್ಕಟೆಯಾಗಿ ತೆರೆಯುತ್ತಿದ್ದದ್ದು ಕಂಪನಿ ಆರಿಸಿಟ್ಟ ಕೆಲವೇ ಸೈಟುಗಳು: ಹವಾಮಾನ, ಮಾರುಕಟ್ಟೆ ದರ, ಸುದ್ದಿ, ಬಾಣಂತಿಯರ ಆರೈಕೆ, ಕೆಲಸ ಹುಡುಕುವ ಒಂದು, ಸ್ನೇಹಿತರಿಗೆ ಬರೆದು ಕಳಿಸುವ ಒಂದು. ಬೇರೆ ಏನನ್ನು ಒತ್ತಿದರೂ ‘ಇದು ಉಚಿತ ಯೋಜನೆಯಲ್ಲಿ ಇಲ್ಲ’ ಎಂಬ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ವಿಡಿಯೋ ಮಾತ್ರ ಎಲ್ಲಿಯೂ ಇರಲಿಲ್ಲ. ಹೀಗೆ ಮಾಡಬಹುದೇ ಕೂಡದೇ ಎಂದು ದೆಹಲಿಯ ದೂರಸಂಪರ್ಕ ಪ್ರಾಧಿಕಾರ ಆ ಚಳಿಗಾಲದಲ್ಲಿ ಜನರ ಅಭಿಪ್ರಾಯ ಕೇಳುತ್ತಿತ್ತು. ನೆಟ್ಟು ಅಂದ ಮೇಲೆ ಎಲ್ಲವೂ ಎಲ್ಲರಿಗೂ ಒಂದೇ ಸಮ ತೆರೆಯಬೇಕು, ಕಂಪನಿ ನಡುವೆ ನಿಂತು ಇದನ್ನು ಬಿಡುತ್ತೇನೆ ಅದನ್ನು ಬಿಡುವುದಿಲ್ಲ ಎನ್ನಕೂಡದು ಎಂದು ಬೆಂಗಳೂರಿನಲ್ಲಿ ಹುಡುಗರು ಬೋರ್ಡು ಹಿಡಿದು ಕೂಗುತ್ತಿರುವುದನ್ನು ಅವಳೂ ಟೀವಿಯಲ್ಲಿ ನೋಡಿದ್ದಳು. ಅವರೆಲ್ಲ ಮನೆಯಲ್ಲಿ ನೆಟ್ಟು ಇರುವವರು ಎಂದು ಆಫೀಸಿನಲ್ಲಿ ಹೇಳಿಕೊಟ್ಟಿದ್ದರು. ಇಲ್ಲದವರ ಬಾಯಿಂದಲೇ ‘ನಮಗೆ ಇದು ಬೇಕು’ ಎಂಬ ಮಾತು ಕಂಪನಿಗೆ ಬೇಕಾಗಿತ್ತು. ನಿನ್ನೆಯ ಸಭೆ ಅದಕ್ಕೇ.

ಪವಿತ್ರಳ ಫೋನಿಗೂ ಆ ಸಿಮ್ಮು ಹಾಕಿದ್ದು ಭಾನುಪ್ರಿಯಾಳೇ. ಮೊದಲು ಪವಿತ್ರ ಗಾರ್ಮೆಂಟ್ಸಿನ ಸಂಬಳದಲ್ಲಿ ತಾನೇ ಪ್ಯಾಕು ಹಾಕಿಸಿಕೊಳ್ಳುತ್ತಿದ್ದಳು. ಸಂಜೆ ಕೆಲಸದಿಂದ ಬಂದವಳೇ ಮಹಡಿ ಹತ್ತಿ, ಫೋನನ್ನು ನೀರಿನ ಟ್ಯಾಂಕಿಗೆ ಒರಗಿಸಿಟ್ಟು, ಶಾಲೆಯ ಗೆಳತಿಯರ ಜೊತೆ ವಿಡಿಯೋದಲ್ಲಿ ಮಾತು. ಒಬ್ಬಳು ಹೊಸಕೋಟೆಗೆ ಮದುವೆಯಾಗಿ ಹೋಗಿದ್ದಳು, ಒಬ್ಬಳು ಸೋಂಪುರದ ಫ್ಯಾಕ್ಟರಿಯಲ್ಲಿದ್ದಳು. ಅವಳ ಕೈಗಳು ಆ ಹೊತ್ತಿನಲ್ಲಿ ಓಡುತ್ತಿದ್ದ ವೇಗ ಭಾನುಪ್ರಿಯಾಳ ಕಣ್ಣಿಗೆ ಸಿಗುತ್ತಿರಲಿಲ್ಲ. ತನ್ನ ಜೊತೆ ಇವಳು ನಿಧಾನವಾಗಿ, ಮಗುವಿನೊಂದಿಗೆ ಮಾತಾಡುವ ಹಾಗೆ ಮಾತಾಡುತ್ತಾಳೆ ಎಂದು ಮೆಟ್ಟಿಲ ಮೇಲೆ ನಿಂತು ನೋಡಿದ ಒಂದು ಸಂಜೆ ಅವಳಿಗೆ ಗೊತ್ತಾಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಮನೆಯವಳೇ ನಮ್ಮ ಸಿಮ್ಮು ಹಾಕಿಕೊಂಡಿಲ್ಲವಲ್ಲ ಎಂದು ಆಫೀಸಿನಲ್ಲಿ ಕೇಳಿದಾಗ ‘ಎಲ್ಲಾ ಬರುತ್ತೆ, ದುಡ್ಡೂ ಇಲ್ಲ’ ಎಂದು ಸನ್ನೆ ಮಾಡಿ ಹಾಕಿಸಿದಳು. ಆ ಸಂಜೆ ಮಹಡಿಯಿಂದ ಇಳಿದು ಬಂದ ಪವಿತ್ರ ಫೋನನ್ನು ಅವಳ ಮುಖದ ಮುಂದೆ ಹಿಡಿದಳು. ನೀಲಿ ಪರದೆ. ಬರೆದು ಕಳಿಸು ಎಂದಳು ಭಾನುಪ್ರಿಯಾ. ಪವಿತ್ರ ಬರೆದದ್ದನ್ನು ಒಂದು ದಿನ ಇಣುಕಿ ನೋಡಿದರೆ, ‘ನಾಳೆ ನಾನು ಬರುವುದು ಇಲ್ಲ ಬೇಸರ ಅಮ್ಮ ಕಾಲು ನೋವು ಇದೆ ನೀನು’ ಎಂದು ಹೋಗಿತ್ತು. ಅಷ್ಟು ಚುರುಕಾದ ಹುಡುಗಿ ಅಕ್ಷರಕ್ಕೆ ಇಳಿದರೆ ಊರುಗೋಲು ಹಿಡಿದ ಹಾಗೆ. ಹಳೆಯ ಸಿಮ್ಮು ವಾಪಸು ಹಾಕು ಎಂದು ಪವಿತ್ರ ಕೇಳುವಷ್ಟರಲ್ಲಿ ಅವಳ ಫೋಟೋ ಕಂಪನಿಯ ಫ್ಲೆಕ್ಸಿನಲ್ಲಿ ಅಚ್ಚಾಗಿಹೋಗಿತ್ತು. ‘ಸಭೆ ಮುಗಿಯೋವರೆಗೂ ಇರಲಿ, ನನಗೋಸ್ಕರ’ ಎಂದು ಭಾನುಪ್ರಿಯಾ ಬೇಡಿಕೊಂಡಳು. ಪವಿತ್ರ ಯೋಚಿಸಿ, ಆಯಿತು, ಆದರೆ ವೇದಿಕೆಯ ಮೇಲೆ ನಾನೇ ಮಾತಾಡುತ್ತೇನೆ ಎಂದಳು. ಕಂಪನಿಗೆ ಬೇಕಾಗಿದ್ದದ್ದೂ ಅದೇ. ನಾಲ್ಕು ವಾಕ್ಯ ಬರೆದು, ಸನ್ನೆಯಲ್ಲಿ ಹೇಳಿಕೊಟ್ಟು, ಎರಡು ಸಂಜೆ ಅಭ್ಯಾಸವೂ ಆಗಿತ್ತು.

ರಸ್ತೆಯ ತುದಿಯಲ್ಲಿ ಗಾರ್ಮೆಂಟ್ಸಿನ ವ್ಯಾನು ಬಂತು. ಪವಿತ್ರ ಡಬ್ಬಿ ತೆಗೆದುಕೊಂಡು ಓಡಿದಳು. ಹತ್ತುವ ಮುಂಚೆ ಹಿಂದಿರುಗಿ, ‘ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳ್ತೀನಿ’ ಎಂದಳು. ಭಾನುಪ್ರಿಯಾ ಕೈ ಬೀಸಿದಳು. ವಿಮಾನವೊಂದು ಮನೆಗಳ ಮೇಲೇ ಇಳಿಯುತ್ತ ಹೋಯಿತು. ಕದಿರಮ್ಮ ಶಾಪ ಹಾಕಿ ಕಿವಿ ಮುಚ್ಚಿಕೊಂಡಳು.

ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ರೇಷ್ಮೆ ಹುಳ ಸಾಕುವ ದ್ಯಾವಮ್ಮ ಬಂದು ಕೂತಳು. ನಿನ್ನೆ ಸಭೆಯಲ್ಲಿ ಮೊದಲು ಮಾತಾಡಿದವಳು ಇವಳೇ. ‘ಭಾನಮ್ಮ, ಇವತ್ತೂ ಗೂಡಿನ ರೇಟು ನೋಡ್ಕೊಂಡೇ ಹೊಂಟಿದ್ದೀನಿ ಕಣವ್ವ. ಮುಂಚೆ ದಲ್ಲಾಳಿ ಹೇಳಿದ್ದೇ ರೇಟು’ ಎಂದು ಫೋನು ತೋರಿಸಿದಳು. ಅವಳ ಸಂತೋಷ ನಿಜವಾದದ್ದು. ಕಲಿಸಿದವಳು ಭಾನುಪ್ರಿಯಾಳೇ. ನಿನ್ನೆ ಕಲ್ಯಾಣ ಮಂಟಪದಲ್ಲಿ ದ್ಯಾವಮ್ಮ ಇದನ್ನೇ ಹೇಳಿದಾಗ ಜನ ಮೆಚ್ಚಿಕೊಂಡಿದ್ದರು. ಆಮೇಲೆ ಹಿಂದಿನ ಸಾಲಿನಿಂದ ವೆಂಕಟರಾಯಪ್ಪ ಎಂಬ ನಿವೃತ್ತ ಹೈಸ್ಕೂಲು ಮೇಷ್ಟರು ಎದ್ದು, ‘ಗೂಡಿನ ರೇಟು ಕೊಟ್ರಿ, ಸಂತೋಷ. ಆದ್ರೆ ಯಾವುದನ್ನ ನೋಡ್ಬೇಕು ಯಾವುದನ್ನ ನೋಡ್ಬಾರ್ದು ಅಂತ ತೀರ್ಮಾನ ಮಾಡೋರು ನೀವ್ಯಾರ್ ಸ್ವಾಮಿ?’ ಎಂದು ಕೇಳಿದ್ದರು. ತಾಲ್ಲೂಕಿನ ಮೇಲ್ವಿಚಾರಣೆ ನೋಡುವ ಶ್ರೀಧರ್ ಸಿಟ್ಟಾಗಲಿಲ್ಲ. ನೆಲಮಂಗಲದ ಕಡೆಯ, ನಗುಮುಖದ ಹುಡುಗ. ‘ಸಾರ್, ಹಸಿದೋರಿಗೆ ಮುದ್ದೆ ಸಾರು ಬಡಿಸ್ತಿದ್ದೀವಿ. ಹೊಟ್ಟೆ ತುಂಬಿದೋರು ಬಂದು ಪಾಯಸ ಎಲ್ಲಿ ಅಂತ ಕೇಳಿ ಎಲೇನೇ ಎತ್ಸೋಕ್ ಬಂದ್ರೆ ಹೆಂಗೆ?’ ಎಂದ. ಸಭೆ ನಕ್ಕಿತು. ಮೇಷ್ಟರು ‘ಎಲೆ ನಿಮ್ದಲ್ಲಪ್ಪಾ’ ಎಂದದ್ದು ನಗುವಿನಲ್ಲಿ ಮುಳುಗಿತು. ಭಾನುಪ್ರಿಯಾಳೂ ನಕ್ಕಿದ್ದಳು. ಮೇಷ್ಟರು ಕೂತು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದಾಗ, ಹೀಗೆ ನಗಬಾರದಿತ್ತು ಅನ್ನಿಸಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಪವಿತ್ರಳ ಹೆಸರು ಕರೆದರು.

ಪವಿತ್ರ ಹೊಸ ಚೂಡಿದಾರದಲ್ಲಿ ವೇದಿಕೆಯ ನಡುವೆ ನಿಂತಳು. ಅವಳ ಹಿಂದೆ ಫ್ಲೆಕ್ಸಿನಲ್ಲಿ ಅವಳದೇ ಮುಖ, ಆಳೆತ್ತರ. ಪಕ್ಕದಲ್ಲಿ ಮೈಕು ಹಿಡಿದ ಭಾನುಪ್ರಿಯಾ, ಎದುರಿಗೆ ಕ್ಯಾಮೆರಾ. ಮೊದಲ ವಾಕ್ಯ ಅಭ್ಯಾಸ ಮಾಡಿದ್ದೇ ಬಂತು. ನನ್ನ ಹೆಸರು ಪವಿತ್ರ, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತೇನೆ. ಅದನ್ನು ಭಾನುಪ್ರಿಯಾ ಹಾಗೇ ಹೇಳಿದಳು. ಆಮೇಲೆ ಪವಿತ್ರ ಒಮ್ಮೆ ಅತ್ತಿಗೆಯ ಕಡೆ ನೋಡಿ, ಸಭೆಗೆ ಮುಖ ತಿರುಗಿಸಿ ಬೇರೆಯೇ ಶುರು ಮಾಡಿದಳು. ‘ಈ ಫೋನಿನಲ್ಲಿ ಓದುವುದು ಇದೆ. ಫೋಟೋ ಇದೆ. ಫೋಟೋದಲ್ಲಿ ಕೈ ಇದೆ, ಅಲ್ಲಾಡುವುದಿಲ್ಲ. ಅಲ್ಲಾಡದ ಕೈ ಮೂಕ. ನನ್ನ ಮಾತು ಕೈಯಲ್ಲಿ ಇದೆ, ಅಕ್ಷರ ನನಗೆ ಬೇರೆಯವರ ಭಾಷೆ. ನಿಮಗೆ ಪುಕ್ಕಟೆ ಊಟ ಕೊಡುತ್ತೇವೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದರೆ ಒಪ್ಪುತ್ತೀರಾ? ನನಗೆ ಇದು ಬೇಡ. ಹಿಂದೆ ಇರುವ ಫೋಟೋ ತೆಗೆಯಿರಿ.’ ಒಂದು ಸನ್ನೆಯೂ ಭಾನುಪ್ರಿಯಾಳಿಗೆ ತಪ್ಪಲಿಲ್ಲ. ಅವಳಿಗೆ ತಿಳಿಯಲಿ ಎಂದೇ ಪವಿತ್ರ ನಿಧಾನವಾಗಿ ಮಾಡಿದ್ದಳು. ಸಭೆ ಕಾಯುತ್ತಿತ್ತು. ಶ್ರೀಧರ್ ಮುಂದಿನ ಸಾಲಿನಲ್ಲಿ, ಸಿಟಿಯಿಂದ ಬಂದಿದ್ದ ದೊಡ್ಡ ಅಧಿಕಾರಿಯ ಪಕ್ಕ, ಮಗಳ ಡ್ಯಾನ್ಸು ನೋಡಲು ಬಂದ ತಂದೆಯಂತೆ ಮುಂದಕ್ಕೆ ಬಾಗಿ ಕೂತಿದ್ದ. ಆಗ ಭಾನುಪ್ರಿಯಾ ಹೇಳಿದ್ದು: ‘ನಂಗೆ ಕಿವಿ ಕೇಳ್ಸಲ್ಲ. ಆದ್ರೆ ಮೊದಲ ಮೆಟ್ಟಿಲು ಬಂದ್ಮೇಲೆ ಇಡೀ ಪ್ರಪಂಚ ನನ್ನ ಕೈಗೆ ಬಂದಿದೆ. ದಯವಿಟ್ಟು ಇದನ್ನ ನಿಲ್ಲಿಸ್ಬೇಡಿ.’ ಬರೆದಿಟ್ಟ ವಾಕ್ಯಗಳು ಬಾಯಿಗೆ ತಾವಾಗಿಯೇ ಬಂದವು. ಅತ್ತೆಯ ಬೈಗುಳ ದಾಟಿಸುವಷ್ಟೇ ಸಲೀಸಾಗಿ. ಮಂಟಪ ತುಂಬ ಚಪ್ಪಾಳೆ. ಕೆಲವರು ಎದ್ದು ನಿಂತು ತಟ್ಟಿದರು. ಪವಿತ್ರ ಒಂದು ಕ್ಷಣ ನಂಬದವಳಂತೆ ನೋಡಿದಳು, ಆಮೇಲೆ ಮುಖ ಅರಳಿ ಅತ್ತಿಗೆಯನ್ನು ತಬ್ಬಿಕೊಂಡಳು. ಅವಳ ಎದೆ ಬಡಿದುಕೊಳ್ಳುತ್ತಿದ್ದದ್ದು ಭಾನುಪ್ರಿಯಾಳ ಎದೆಗೆ ತಾಗಿತ್ತು.

ತುಟಿ ನೋಡಿ ತಕ್ಕಮಟ್ಟಿಗೆ ಅರ್ಥ ಮಾಡಿಕೊಳ್ಳುವವಳು ಪವಿತ್ರ. ನಿನ್ನೆ ಏಕೆ ತಿಳಿಯಲಿಲ್ಲ? ಬಸ್ಸು ನಿಲ್ದಾಣದ ತಿರುವಿನಲ್ಲಿ ಒಮ್ಮೆಲೇ ಭಾನುಪ್ರಿಯಾಳಿಗೆ ಹೊಳೆಯಿತು: ಮೈಕನ್ನು ತಾನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದೆ. ಮೊದಲ ವಾಕ್ಯಕ್ಕೆ ಹಾಗೆ ಹಿಡಿದಿರಲಿಲ್ಲ.

ಆಫೀಸಿನಲ್ಲಿ ಶ್ರೀಧರ್ ಪತ್ರಿಕೆ ಮಡಿಸಿ ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದ. ಒಳಪುಟದಲ್ಲಿ ಪವಿತ್ರಳ ಫೋಟೋ, ಕೈ ಎತ್ತಿದ ಭಂಗಿ, ಕೆಳಗೆ ‘ಪ್ರಪಂಚ ನನ್ನ ಕೈಗೆ ಬಂತು’ ಎಂಬ ಸಾಲು. ಅವನು ಅದನ್ನು ಸಂತೋಷಕ್ಕೆ ಎತ್ತಿದ ಕೈ ಎಂದು ತಿಳಿದಿರಬಹುದು, ಆ ಫೋಟೋದ ಕೈ ‘ಬೇಡ’ ಎನ್ನುತ್ತಿತ್ತು. ‘ಸೂಪರ್ ಮೇಡಂ! ದೆಹಲಿಗೆ ಕಳಿಸೋ ವಿಡಿಯೋದಲ್ಲಿ ಪವಿತ್ರ ಅವ್ರದೇ ಮೊದಲು. ಸಾಹೇಬ್ರು ನಿಮ್ಮನ್ನ ಪರ್ಮನೆಂಟ್ ಮಾಡೋ ವಿಷ್ಯಾನೂ ಎತ್ತಿದ್ರು’ ಎಂದ. ಭಾನುಪ್ರಿಯಾ ಕುರ್ಚಿ ಎಳೆದುಕೊಂಡು ಕೂತಳು. ನಿಂತೇ ಹೇಳಬೇಕೆಂದು ಬಸ್ಸಿನಲ್ಲಿ ಅಂದುಕೊಂಡಿದ್ದಳು.

‘ಸಾರ್, ಅವ್ಳು ಹೇಳಿದ್ದು ಅದಲ್ಲ.’

‘ಯಾವ್ದಲ್ಲ?’

‘ಬೇಡ ಅಂದ್ಳು. ವಿಡಿಯೋ ಇಲ್ದೆ ನಂಗೆ ಮಾತೇ ಇಲ್ಲ ಅಂದ್ಳು. ಫೋಟೋ ತೆಗೀರಿ ಅಂದ್ಳು. ನಾನು ಮೊದ್ಲೇ ಬರೆದಿಟ್ಟಿದ್ದನ್ನ ಹೇಳ್ಬಿಟ್ಟೆ.’

ಶ್ರೀಧರ್ ಎದ್ದು ಬಾಗಿಲು ಮುಂದೆ ಮಾಡಿ ಬಂದ. ಅವನು ಕೂಗಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ನೀರಿನ ಲೋಟ ಮುಂದೆ ತಳ್ಳಿದ. ‘ನೋಡಿ ಮೇಡಂ, ನಿಮ್ಗೆ ಅಷ್ಟು ಜನರ ಮುಂದೆ ಗಾಬ್ರಿ ಆಗಿರುತ್ತೆ. ಆಗುತ್ತೆ. ಅವ್ರು ಏನಂದ್ರು ಅನ್ನೋದು ಅಲ್ಲಿ ನಿಮ್ಗೊಬ್ರಿಗೇ ಗೊತ್ತು. ಅಂದ್ರೆ ಏನು, ಯಾರ್ಗೂ ಗೊತ್ತಿಲ್ಲ ಅಂತ.’ ಪತ್ರಿಕೆಯನ್ನು ಅವಳ ಕಡೆ ತಿರುಗಿಸಿಟ್ಟು, ‘ದ್ಯಾವಮ್ಮ ಹೇಳಿದ್ದು ಸುಳ್ಳಾ? ಅಲ್ವಲ್ಲ. ಒಬ್ರಿಗೆ ಆಗ್ಲಿಲ್ಲ ಅಂತ ಸಾವಿರ ಜನರದ್ದು ಕಿತ್ಕೊಳೋದಾ?’ ಎಂದ. ಅವಳು ಲೋಟವನ್ನು ಮುಟ್ಟಲಿಲ್ಲ. ‘ಅವ್ಳು ವಿಡಿಯೋ ನೋಡಿದ್ರೆ?’ ಎಂದು ಕೇಳಿದಳು. ಪವಿತ್ರಳನ್ನು ಕಾಪಾಡಲು ಕೇಳಿದ ಪ್ರಶ್ನೆಯಲ್ಲ ಅದು, ತನ್ನನ್ನೇ ಕಾಪಾಡಿಕೊಳ್ಳಲು. ಶ್ರೀಧರ್ ನಗಲಿಲ್ಲ. ‘ಅವ್ರ ಫೋನಲ್ಲಿ ವಿಡಿಯೋ ಓಪನ್ ಆಗಲ್ವಲ್ಲ ಮೇಡಂ’ ಎಂದ, ಗ್ರಾಹಕರಿಗೆ ಹೇಳುವ ಅದೇ ದನಿಯಲ್ಲಿ.

ಅವಳಿಗೆ ಒಳಗೆ ಏನೋ ಸಡಿಲವಾಯಿತು. ನಿಜ. ತೆರೆಯುವುದಿಲ್ಲ. ಪತ್ರಿಕೆ ಅವರ ಊರಿಗೆ ಬರುವುದು ಟೀ ಅಂಗಡಿಗೆ ಒಂದೇ, ಪವಿತ್ರ ಅಲ್ಲಿಗೆ ಹೋಗುವವಳಲ್ಲ. ನೀರು ಕುಡಿದಳು. ಸಹಿ ಮಾಡಬೇಕಾದ ಕಡೆ ಸಹಿ ಮಾಡಿದಳು. ಮಧ್ಯಾಹ್ನದವರೆಗೂ ಒಂದೊಂದಾಗಿ ಫೋನು ಹಚ್ಚಿ ಹೊಸ ಸಿಮ್ಮಿನವರಿಗೆ ನೆಟ್ಟು ತೆರೆಯುವುದು ಹೇಳಿಕೊಟ್ಟಳು, ದನಿಯೂ ಸರಿಯಾಗಿಯೇ ಇತ್ತು. ಡಬ್ಬಿ ತೆರೆದು ಅವರೆಕಾಳಿನ ಉಪ್ಪಿಟ್ಟು ಬಾಯಿಗಿಟ್ಟಾಗ ಮಾತ್ರ, ಬೆಳಗಿನಿಂದ ಇಲ್ಲದ ಹಸಿವು ತನಗೆ ಹುಟ್ಟಿದ್ದು, ಅವಳ ಫೋನಿನಲ್ಲಿ ತೆರೆಯುವುದಿಲ್ಲ ಎಂಬ ಮಾತು ಕೇಳಿದ ಮೇಲೆ ಎಂದು ತಿಳಿಯಿತು. ಮುಂದಿನ ತುತ್ತನ್ನು ಡಬ್ಬಿಗೇ ಇಳಿಸಿದಳು. ಪವಿತ್ರ ಇಷ್ಟು ಹೊತ್ತಿಗೆ ಊಟದ ಬಿಡುವಿನಲ್ಲಿ ಗೆಳತಿಯರಿಗೆ ಕೈ ಎತ್ತಿ ಚಪ್ಪಾಳೆ ತೋರಿಸುತ್ತಿರುತ್ತಾಳೆ. ನಾಳೆಯೂ ತೋರಿಸುತ್ತಾಳೆ. ವಿಡಿಯೋ ಯಾವಾಗ ಬರುತ್ತದೆ ಎಂದು ಪ್ರತಿ ಸಂಜೆ ಕೇಳುತ್ತಾಳೆ, ತಾನು ಪ್ರತಿ ಸಂಜೆ ಏನಾದರೂ ಒಂದು ಹೇಳುತ್ತೇನೆ. ಅದು ಕಷ್ಟವಾಗುವುದೂ ಇಲ್ಲ. ಕಷ್ಟವಾಗುವುದಿಲ್ಲ ಎಂಬುದೇ ಅವಳನ್ನು ಎಬ್ಬಿಸಿತು. ತಲೆನೋವು ಎಂದು ಹೇಳಿ, ಡಬ್ಬಿ ಮುಚ್ಚಿ, ಗಾರ್ಮೆಂಟ್ಸಿನ ಕಡೆಗೆ ಹೋಗುವ ಆಟೋ ಹತ್ತಿದಳು.

ಪಾಳಿ ಬಿಡುವವರೆಗೂ ಗೇಟಿನೆದುರಿನ ಹುಣಸೆಮರದ ಕೆಳಗೆ ನಿಂತಿದ್ದಳು. ಮನಸ್ಸಿನಲ್ಲೇ ಸನ್ನೆಗಳನ್ನು ಜೋಡಿಸಿಕೊಂಡಳು. ‘ಅನಿವಾರ್ಯ’ಕ್ಕೆ ಸನ್ನೆ ಅವಳಿಗೆ ಗೊತ್ತಿರಲಿಲ್ಲ. ‘ನಿನ್ನ ಒಳ್ಳೆಯದಕ್ಕೇ’ ಎಂಬುದನ್ನು ಮಾಡಿ ನೋಡಿ ಕೈ ಇಳಿಸಿದಳು. ನೂರಾರು ಹೆಂಗಸರು ಒಮ್ಮೆಲೇ ಹೊರಬಂದರು. ಅವರ ನಡುವೆ ಪವಿತ್ರ, ಪಕ್ಕದಲ್ಲಿ ಅವಳ ಲೈನಿನಲ್ಲೇ ಹೊಲಿಯುವ, ಕಿವಿ ಕೇಳುವ, ವಯಸ್ಸಾದ ರುಕ್ಮಿಣಮ್ಮ. ಅತ್ತಿಗೆಯನ್ನು ಕಂಡು ಪವಿತ್ರಳ ಮುಖ ಗಾಬರಿಯಾಯಿತು. ಅಮ್ಮನಿಗೆ ಏನಾದರೂ ಆಯಿತೇ? ಇಲ್ಲ ಎಂದು ಭಾನುಪ್ರಿಯಾ ತಲೆಯಲ್ಲಾಡಿಸಿ, ಅವಳನ್ನು ಮರದ ಕೆಳಗೆ ಕರೆತಂದು, ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದಳು. ನಿನ್ನೆ. ನೀನು ಹೇಳಿದ್ದು. ನಾನು ಹೇಳಲಿಲ್ಲ. ಬೇರೆ ಹೇಳಿದೆ.

ಪವಿತ್ರ ನಕ್ಕು ಅವಳ ಗೆಣ್ಣಿಗೆ ಮೊಟಕಿದಳು. ಸನ್ನೆ ತಪ್ಪಿರಬೇಕೆಂದು ಅವಳ ಎಣಿಕೆ. ‘ಬೇರೆ’ ಅಲ್ಲ, ‘ಆಮೇಲೆ’ ಅನ್ನಬೇಕು, ಹೀಗೆ, ಎಂದು ಬೆರಳು ಹಿಡಿದು ತಿದ್ದಿದಳು. ಭಾನುಪ್ರಿಯಾ ಬೆರಳು ಬಿಡಿಸಿಕೊಂಡು ಮತ್ತೆ ಅದನ್ನೇ ಮಾಡಿದಳು. ಬೇರೆ ಹೇಳಿದೆ. ಬೇಕು ಅಂದೆ. ಸಂತೋಷ ಅಂದೆ. ಸುಳ್ಳು. ಪವಿತ್ರಳ ನಗು ಹಾಗೇ ಇತ್ತು, ಕಣ್ಣು ಮಾತ್ರ ಒಂದೊಂದು ಸನ್ನೆಯನ್ನೂ ಹಿಂದಕ್ಕೆ ಹೋಗಿ ನೋಡುತ್ತಿರುವಂತೆ ಇತ್ತು. ಆಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು. ಚಪ್ಪಾಳೆ ಯಾವುದಕ್ಕೆ?

ನಾನು ಹೇಳಿದ್ದಕ್ಕೆ, ಎಂದಳು ಭಾನುಪ್ರಿಯಾ.

ಪವಿತ್ರ ಕಣ್ಣು ಮುಚ್ಚಿಕೊಂಡಳು. ಅಳಲಿಲ್ಲ. ಸುಮ್ಮನೆ ಮುಚ್ಚಿಕೊಂಡು ನಿಂತಳು. ಭಾನುಪ್ರಿಯಾಳ ಕೈಗಳು ಗಾಳಿಯಲ್ಲಿ ‘ಕ್ಷಮಿಸು’ ಎಂದು ಶುರುಮಾಡಿದ್ದವು. ನೋಡುವವರಿಲ್ಲದೆ ಅರ್ಧದಲ್ಲಿ ನಿಂತವು. ಇನ್ನು ಅವಳು ಕಣ್ಣು ತೆರೆಯುವವರೆಗೂ ಈ ಲೋಕದಲ್ಲಿ ಅವಳಿಗೆ ಏನನ್ನೂ ಹೇಳುವ ದಾರಿಯಿಲ್ಲ. ಭುಜ ಹಿಡಿದು ಅಲ್ಲಾಡಿಸಬಹುದು. ಆ ಹಕ್ಕು ತನಗೆ ಉಳಿದಿದೆಯೇ ಎಂದು ಮೊದಲ ಸಲ ಯೋಚಿಸಿ ಭಾನುಪ್ರಿಯಾ ಕೈಗಳನ್ನು ಕೆಳಗಿಳಿಸಿದಳು. ವ್ಯಾನಿನ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಭಾನುಪ್ರಿಯಾಳನ್ನು ಹಿಂದೆಂದೂ ಕಂಡಿರದ ರುಕ್ಮಿಣಮ್ಮ ‘ಏನಾಯ್ತಮ್ಮ ಮಗೀಗೆ?’ ಎಂದು ಹತ್ತಿರ ಬಂದಳು.

ಕಣ್ಣು ತೆರೆದಾಗ ಪವಿತ್ರಳ ಮುಖ ಬೇರೆಯಾಗಿತ್ತು, ಕೆಲಸಕ್ಕೆ ಕೂತವಳ ಮುಖ. ಕೈ ಚಾಚಿ ಅತ್ತಿಗೆಯ ಫೋನು ಕೇಳಿದಳು. ಕಂಪನಿ ಕೊಟ್ಟಿದ್ದ ಫೋನು, ಅದರಲ್ಲಿ ಎಲ್ಲವೂ ತೆರೆಯುತ್ತಿತ್ತು. ಕ್ಯಾಮೆರಾ ಒತ್ತಿ ರುಕ್ಮಿಣಮ್ಮನ ಕೈಗೆ ಕೊಟ್ಟು, ಇಲ್ಲಿ ನಿಲ್ಲು, ಹೀಗೆ ಹಿಡಿ ಎಂದು ತೋರಿಸಿದಳು. ಅತ್ತಿಗೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. ನಾನು ಮಾಡಿದ್ದನ್ನು ಬಾಯಲ್ಲಿ ಹೇಳು. ಹಾಗೇ. ಏನನ್ನೂ ಸೇರಿಸಬೇಡ, ತೆಗೆಯಬೇಡ.

ಭಾನುಪ್ರಿಯಾ ಹೇಳಿದಳು. ಓದುವುದಿದೆ, ಫೋಟೋ ಇದೆ, ಎಂದು ನಿನ್ನೆಯ ಮಾತೆಲ್ಲ ಒಂದೊಂದಾಗಿ. ಮನೆಗೆ ಹೊರಟಿದ್ದ ಹೆಂಗಸರು ಸುತ್ತ ನಿಂತರು. ‘ದ್ಯಾವಮ್ಮನಿಗೆ ರೇಟು ಸಿಕ್ಕಿದ್ದು ನಂಗೂ ಸಂತೋಷ. ಆದ್ರೆ ಅವರಿಗೆ ಎಷ್ಟು ಸಾಕು, ಇವರಿಗೆ ಎಷ್ಟು ಸಾಕು ಅಂತ ನಡುವೆ ಇರೋರು ಹೇಳ್ಬಾರ್ದು.’ ದನಿ ಸ್ವಲ್ಪ ಏರಿತು. ಸಲೀಸಾಗಿ ಬರುತ್ತಿದೆ ಅನ್ನಿಸುವಷ್ಟರಲ್ಲಿ ಪವಿತ್ರಳ ಕೈಗಳು ಮುಂದಿನದನ್ನು ಹೇಳಿದವು. ಭಾನುಪ್ರಿಯಾ ಅವಳ ಮುಖ ನೋಡಿದಳು. ಪವಿತ್ರ ಸಿಟ್ಟಿಲ್ಲದೆ, ಅವಸರವಿಲ್ಲದೆ ಕಾಯುತ್ತಿದ್ದಳು. ಅದೇ ಸನ್ನೆಯನ್ನು ಇನ್ನೊಮ್ಮೆ ಮಾಡಿದಳು. ವ್ಯಾನು ಹೊರಟುಹೋಯಿತು.

‘ನಿನ್ನೆ ಸಭೇಲಿ ನಾನು ಇದನ್ನೇ ಹೇಳಿದ್ದು,’ ಎಂದಳು ಭಾನುಪ್ರಿಯಾ. ‘ನ... ನಮ್ಮತ್ತಿಗೆ ಸುಳ್ಳು ಹೇಳಿದ್ಳು.’

ಮುಂದಿನ ತಿಂಗಳು ದೆಹಲಿಯ ಆದೇಶ ಬಂದು, ಒಂದೊಂದು ಸೈಟಿಗೆ ಒಂದೊಂದು ದರ ಇರಕೂಡದೆಂದಾಗಿ, ಮೊದಲ ಮೆಟ್ಟಿಲು ನಿಂತುಹೋಯಿತು. ಆ ವಿಡಿಯೋವನ್ನು ಪವಿತ್ರಳಿಂದ ಪಡೆದು ವೆಂಕಟರಾಯಪ್ಪ ಮೇಷ್ಟರು ಪ್ರಾಧಿಕಾರಕ್ಕೆ ಕಳಿಸಿದ್ದು ನಿಜ. ಲಕ್ಷಾಂತರ ಪತ್ರಗಳ ನಡುವೆ ಅದನ್ನು ಯಾರಾದರೂ ನೋಡಿದರೋ ಇಲ್ಲವೋ ತಿಳಿಯದು. ಭಾನುಪ್ರಿಯಾಳ ಕೆಲಸ ಅದಕ್ಕೂ ಮೊದಲೇ ಹೋಗಿತ್ತು. ದ್ಯಾವಮ್ಮ ‘ನಂದು ಕಿತ್ಕೊಂಡ್ರಲ್ಲವ್ವ’ ಎಂದು ಬಹಳ ದಿನ ಮಾತು ಬಿಟ್ಟಳು, ಭಾನುಪ್ರಿಯಾ ತನ್ನ ಫೋನಿನಲ್ಲಿ ಗೂಡಿನ ದರ ನೋಡಿ ಹೇಳಿಕಳಿಸಿದರೂ ತಿರುಗಿ ನೋಡಲಿಲ್ಲ. ಪವಿತ್ರ ಮತ್ತೆ ಮಹಡಿ ಹತ್ತತೊಡಗಿದಳು. ಮನೆಯಲ್ಲಿ ತಾಯಿ ಮಗಳ ಜಗಳ ಪುನಃ ಶುರುವಾಯಿತು. ಭಾನುಪ್ರಿಯಾ ಬೈಗುಳವನ್ನು ಬೈಗುಳವಾಗಿಯೇ ದಾಟಿಸುತ್ತಿದ್ದಳು. ಪವಿತ್ರ ಅವಳ ಕೈ ನೋಡುವ ಮೊದಲು ತಾಯಿಯ ತುಟಿಯನ್ನು ನೋಡಿಕೊಳ್ಳುವಳು.

ಅವತ್ತು ಮರದ ಕೆಳಗೆ, ವಿಡಿಯೋ ಮುಗಿದ ಮೇಲೆ, ಪವಿತ್ರ ಅದನ್ನು ಕೂಡಲೇ ಯಾರಿಗೂ ಕಳಿಸಲಿಲ್ಲ. ಫೋನನ್ನು ಮತ್ತೆ ರುಕ್ಮಿಣಮ್ಮನಿಗೆ ಕೊಟ್ಟು, ಕಿವಿ ತೋರಿಸಿ, ಬಾಯಿ ತೋರಿಸಿದಳು. ಕೇಳಿ, ನನಗೆ ಹೇಳು. ಒಂದೇ ಲೈನಿನಲ್ಲಿ ವರ್ಷಗಟ್ಟಲೆ ಹೊಲಿದು ರುಕ್ಮಿಣಮ್ಮನ ತುಟಿಗಳು ಅವಳಿಗೆ ಅಭ್ಯಾಸವಾಗಿದ್ದವು. ರುಕ್ಮಿಣಮ್ಮ ಫೋನನ್ನು ಕಿವಿಗಿಟ್ಟುಕೊಂಡು, ಸ್ವಲ್ಪ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ಅಗಲವಾಗಿ ಬಾಯಿ ತೆರೆದು ದಾಟಿಸುತ್ತ ಹೋದಳು. ಪವಿತ್ರ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದಳು. ಭಾನುಪ್ರಿಯಾ ಪಕ್ಕದಲ್ಲಿ ನಿಂತು ತನ್ನ ಮಾತು ಇನ್ನೊಬ್ಬರ ಬಾಯಿಂದ ಹೋಗುವುದನ್ನು ನೋಡಿದಳು. ರುಕ್ಮಿಣಮ್ಮ ಕೊನೆಯ ವಾಕ್ಯಕ್ಕೆ ಬಂದು, ಅದನ್ನೂ ಹಾಗೇ ಹೇಳಿ ಮುಗಿಸಿ, ಫೋನು ಕೆಳಗಿಳಿಸಿದಳು.

‘ಅಯ್ಯೋ ಪಾಪ. ಯಾವ್ ಅತ್ತಿಗೇಮ್ಮ ಅದು, ಹಿಂಗ್ ಮಾಡಿದ್ದು?’ ಎಂದು ಭಾನುಪ್ರಿಯಾಳನ್ನೇ ಕೇಳಿದಳು.

ಪವಿತ್ರ ಈಗ ರುಕ್ಮಿಣಮ್ಮನನ್ನು ಬಿಟ್ಟು ಅತ್ತಿಗೆಯ ತುಟಿಗಳನ್ನು ನೋಡುತ್ತಿದ್ದಳು.

‘ನಾನೇ’ ಎಂದಳು ಭಾನುಪ್ರಿಯಾ.